ಒಂದು ಮಾರು ಹಳಿ

ಬೇಕರಿಯವನು ವ್ಯಾನಿನ ಹಿಂಬಾಗಿಲು ತೆರೆದು ಬ್ರೆಡ್ಡಿನ ತಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದು ಗೋಡೆಗೆ ಒರಗಿಸುತ್ತಿದ್ದ. ತಟ್ಟೆಗಳು ಮುಗಿದ ಮೇಲೆ ಅವುಗಳನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟಿನ ಬೋಲ್ಟು ಬಿಚ್ಚತೊಡಗಿದ. ಒಂದು ಬೋಲ್ಟು ತುಕ್ಕು ಹಿಡಿದು ಹಠ ಮಾಡಿತು. ಅವನೂ ಬಿಡಲಿಲ್ಲ. ಕರಿ ಕೋಟಿನ ತೋಳು ಮಡಚಿಕೊಂಡು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು ತಿರುಗಿಸಿದ.

"ಏನಿದು ನಿಂದು?" ಎಂದರು ಹಿಂದಿನಿಂದ ಅವನ ಹೆಂಡತಿಯ ಅಣ್ಣ. ನೋಂದಣಿ ಕಚೇರಿಯಲ್ಲಿ ಕೂತು ಕೂತು ನಿವೃತ್ತರಾದವರು. ಮನೆತನದಲ್ಲಿ ಮದುವೆಯಾಗಲಿ ಸಾವಾಗಲಿ ತಾವೇ ಮುಂದೆ ನಿಂತು ನಡೆಸಬೇಕು ಎನ್ನುವವರು. "ಕರಿ ಕಾರಿಗೆ ಹೇಳಿದೀನಿ. ಬೀದಿ ತುದೀಲಿ ಬಂದು ನಿಂತಿದೆ."

"ವಾಪಸ್ ಕಳಿಸಿ ಭಾವ."

"ನನ್ನ ತಂಗಿ ಬನ್ನಿನ ಗಾಡೀಲಿ ಹೋಗ್ಬೇಕಾ? ನೋಡಿದವರು ಏನಂತಾರೆ?"

"ಮದುವೆ ಆದಾಗಿಂದ ಇದರಲ್ಲೇ ಓಡಾಡಿದಾಳೆ. ಆಗ ನೋಡಿದವರು ಏನಂದ್ರೋ ಈಗ್ಲೂ ಅದೇ ಅಂತಾರೆ."

ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಯೊಳಗೆ ಬೆರಳಿಟ್ಟರೂ ಕಚ್ಚಲು ಬಾರದವನು ಎಂದೇ ಅವರು ಈ ಮನುಷ್ಯನಿಗೆ ತಂಗಿಯನ್ನು ಕೊಟ್ಟಿದ್ದರು. ಮನೆಯಲ್ಲಿ ಕಚ್ಚುವ ಕೆಲಸವನ್ನೆಲ್ಲ ತಂಗಿಯೇ ನೋಡಿಕೊಳ್ಳುತ್ತಿದ್ದಳು. ಅವಳು ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಕಣ್ಣುಮುಚ್ಚಿ ಮಲಗಿರುವ ಹೊತ್ತಿನಲ್ಲಿ ಇವನಿಗೆ ಹಲ್ಲು ಮೂಡಿದ್ದು ಅವರಿಗೆ ಸರಿಬರಲಿಲ್ಲ.

ಊರಿನವರು ಅವಳನ್ನು ಹಲ್ಲಿನಕ್ಕ ಎಂದು ಕರೆಯುತ್ತಿದ್ದರು. ಬೇಕರಿಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟಿಸುವ ಹಲ್ಲು ಮಾಡುವುದು ಅವಳ ಕಸುಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಿದ್ದರು. ಇವಳು ಮೇಣದಲ್ಲಿ ಒಸಡು ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡಿ ಕಳಿಸುತ್ತಿದ್ದಳು. ಬೆಳಗಿನ ವ್ಯಾನಿನಲ್ಲಿ ಬ್ರೆಡ್ಡಿನ ಪಕ್ಕ ಹಲ್ಲಿನ ಡಬ್ಬಿಗಳೂ ಹೋಗುತ್ತಿದ್ದವು. "ನಾವಿಬ್ಬರೂ ಒಂದೇ ದಂಧೆಯವರು ಕಣ್ರೀ," ಎನ್ನುತ್ತಿದ್ದಳು ಗಂಡನಿಗೆ. "ನೀವು ಅಗಿಯೋ ಬ್ರೆಡ್ಡು ಮಾಡ್ತೀರಿ, ನಾನು ಅಗಿಯೋ ಹಲ್ಲು ಮಾಡ್ತೀನಿ."

ಅವನು ಸ್ಪ್ಯಾನರು ಕೆಳಗಿಟ್ಟು ತಿರುಗುವಷ್ಟರಲ್ಲಿ ಎರಡು ಹಾರಗಳು ಬಂದವು. ಒಂದನ್ನು ಹಿಡಿದಿದ್ದವರು ನಿವೃತ್ತ ಪೋಸ್ಟ್‌ಮಾಸ್ತರು: ಗಿಡ್ಡ ಆಳು, ಗರಿಗರಿ ಇಸ್ತ್ರಿಯ ಅಂಗಿ, ಸೊಂಟದಲ್ಲಿ ಬೀಗದಕೈ ಗೊಂಚಲು. ಇನ್ನೊಂದನ್ನು ಹಿಡಿದಿದ್ದವನು ಕನ್ನಡಕದಂಗಡಿಯವನು: ಗಳದಂಥ ಎತ್ತರ, ವಯಸ್ಸಿನಲ್ಲಿ ಮಾಸ್ತರ ಮಗನಷ್ಟು. ಒಂದೇ ಬಾಗಿಲಲ್ಲಿ ನಿಂತರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಎರಡು ಹಾರಗಳ ಪಟ್ಟಿಯ ಮೇಲೂ ಒಂದೇ ಬರಹ: ರೈಲು ಸಂಘದಿಂದ, ಪ್ರೀತಿಯ ಸದಸ್ಯೆಗೆ.

"ಅಸಲಿ ಸಂಘದ್ದು ಇದು," ಎಂದರು ಮಾಸ್ತರು.

"ಈಗ ನಡೀತಿರೋ ಸಂಘದ್ದು ಇದು," ಎಂದ ಕನ್ನಡಕದಂಗಡಿಯವನು.

ಬೇಕರಿಯವನು ಎರಡು ಪಟ್ಟಿಗಳನ್ನೂ ನಿಧಾನವಾಗಿ ಓದಿದ. "ಸದಸ್ಯೆ," ಎಂದ. "ಯಾವತ್ತಿಂದ?"

ಅವನು ಹಾರಗಳನ್ನು ಇಸಿದುಕೊಂಡು ಪೆಟ್ಟಿಗೆಯ ಕಡೆ ಹೋಗದೆ, ಗೋಡೆಗೆ ಒರಗಿದ್ದ ಖಾಲಿ ತಟ್ಟೆಗಳ ಮೇಲೆ ಹಾಕಿ ಬಂದ.

* * *

ಅವಳು ಸಂಘಕ್ಕೆ ಕಾಲಿಟ್ಟದ್ದು ಹಲ್ಲಿನ ಕಾರಣದಿಂದ. ಮಾಸ್ತರ ಹೊಸ ಸೆಟ್ಟು ಒಸಡಿಗೆ ಉಜ್ಜುತ್ತಿದೆ ಎಂದು ದೂರು ಬಂತು. ವೈದ್ಯರು ಊರಲ್ಲಿರಲಿಲ್ಲ. ಭಾನುವಾರ ಮಾಸ್ತರು ಎಲ್ಲಿರುತ್ತಾರೆಂದು ವಿಚಾರಿಸಿಕೊಂಡು, ಅರ ಚೀಲದಲ್ಲಿ ಹಾಕಿಕೊಂಡು, ಹಳೇ ಮಾರುಕಟ್ಟೆಯ ಪೀಠೋಪಕರಣದಂಗಡಿಯ ಮಹಡಿ ಹತ್ತಿದಳು. ಉಜ್ಜುತ್ತಿದ್ದ ಕಡೆ ಅರದಿಂದ ಎರಡು ಸಲ ತೀಡಿ, ಸೆಟ್ಟನ್ನು ಅವರ ಬಾಯಿಗೆ ಕೂರಿಸಿ, ಕಚ್ಚಿ ನೋಡಿ ಎಂದು ಹೇಳಿ ತಲೆ ಎತ್ತಿದಾಗ ಕಂಡಿತು.

ಕೋಣೆಯ ಉದ್ದಗಲಕ್ಕೂ ಮೇಜು. ಮೇಜಿನ ಮೇಲೆ ಬೆಟ್ಟ, ಸುರಂಗ, ಬೆರಳುದ್ದದ ಮನೆಗಳು, ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಸ್ಟೇಷನ್ನು. ಹಳಿ ಕೋಣೆಯನ್ನೆಲ್ಲ ಸುತ್ತಿ ಮತ್ತೆ ಹೊರಟಲ್ಲಿಗೇ ಬರುತ್ತಿತ್ತು. ದೀಪ ಹಚ್ಚಿಕೊಂಡ ರೈಲೊಂದು ಸುರಂಗದೊಳಗೆ ಹೊಕ್ಕಿತು. ಅವಳು ಉಸಿರು ಬಿಗಿಹಿಡಿದು ಈಚೆ ಬಾಯಲ್ಲಿ ಕಾದಳು. ಬಂತು.

"ನಾನೂ ಒಂದು ಸಲ ನಡೆಸ್ಲಾ?"

"ನೋಡಮ್ಮ, ಇದು ಬಹಳ ಸೂಕ್ಷ್ಮದ ಕೆಲಸ," ಎಂದರು ಮಾಸ್ತರು. "ಹೆಂಗಸರ ಕೈಗೆ ಇದು..."

"ಈಗ ತಾನೇ ಆ ಕೈ ನಿಮ್ಮ ಬಾಯೊಳಗಿತ್ತು. ಅಲ್ಲಿ ಸೂಕ್ಷ್ಮ ಬೇಕಿರ್ಲಿಲ್ವಾ?"

ಕೋಣೆಯಲ್ಲಿದ್ದ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರಿಗೆ ಹೊಸ ಹಲ್ಲಿನಲ್ಲಿ ನಗಲೂ ಆಗಲಿಲ್ಲ, ಸಿಟ್ಟಾಗಲೂ ಆಗಲಿಲ್ಲ. ಕೈಯಲ್ಲಿದ್ದ ಗುಂಡಿಯ ಯಂತ್ರವನ್ನು ಅವಳಿಗೆ ಕೊಟ್ಟರು.

ಅಂದಿನಿಂದ ಅವಳಿಗೆ ಭಾನುವಾರವೆಂದರೆ ಮಹಡಿ. ಉಳಿದ ಹಲ್ಲಿನ ಪುಡಿಯಲ್ಲಿ ಕಲ್ಲುಬಂಡೆ ಮಾಡಿದಳು, ಒಸಡಿನ ಬಣ್ಣದಲ್ಲಿ ಹೆಂಚು ಮಾಡಿದಳು. ಒಂದು ಗಿಡ್ಡ ಎಂಜಿನ್ನನ್ನು ತನ್ನದೆಂದು ತಂದುಕೊಂಡು ಕುಳ್ಳಿ ಎಂದು ಹೆಸರಿಟ್ಟಳು. ನಸುಕಿನಲ್ಲಿ ಏಳುವ ಗಂಡ ಆ ಹೊತ್ತಿಗೆ ಕೆಳಗೆ ಬೀದಿಯಲ್ಲಿ, ವ್ಯಾನಿನ ಸ್ಟಿಯರಿಂಗಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದ. ಮೇಲೆ ಏನು ನಡೆಯುತ್ತದೆಂದು ಅವನಿಗೆ ಗೊತ್ತಿದ್ದದ್ದೆಲ್ಲ ಅವಳು ಮೆಟ್ಟಿಲಿಳಿದು ಬರುವಾಗಿನ ಮುಖದಿಂದ.

* * *

ವ್ಯಾನು ಹೊರಟಾಗ ಮಗಳು ಅಪ್ಪನ ಪಕ್ಕದ ಸೀಟಿನಲ್ಲಿ ಕೂತಳು. ಅವಳು ಬಂದರಿನಲ್ಲಿ ಕ್ರೇನ್ ನಡೆಸುವವಳು. ತಾಯಿಯದೇ ಗದ್ದ, ತಾಯಿಯದೇ ನಾಲಗೆ. ಹಿಂದೆ ಪೆಟ್ಟಿಗೆ, ಅದರ ಪಕ್ಕದಲ್ಲಿ ಹೊದಿಕೆ ಸುತ್ತಿದ ಉದ್ದನೆಯ ಹಲಗೆ. ಅದನ್ನು ಅಪ್ಪ ಯಾವಾಗ ತಂದಿಟ್ಟನೋ ಅವಳು ನೋಡಿರಲಿಲ್ಲ. ವ್ಯಾನಿನ ಬೆನ್ನಿಗೆ ಸೋದರಮಾವನ ಕಾರು, ಅದರ ಹಿಂದೆ ಹಳೇ ಸಂಘದವರ ಕಾರು, ಅದರ ಹಿಂದೆ ಬೇಕೆಂದೇ ಜಾಗ ಬಿಟ್ಟುಕೊಂಡು ಹೊಸ ಸಂಘದವರದು.

ನಾಲ್ಕು ರಸ್ತೆ ಕೂಡುವಲ್ಲಿ ಸ್ಮಶಾನಕ್ಕೆ ಎಡಕ್ಕೆ ಹೋಗಬೇಕು. ಅವನು ಬಲಗಡೆಯ ದೀಪ ಹಾಕಿದ.

"ಅಪ್ಪಾ, ಎಡಕ್ಕಲ್ವಾ?"

"ಹೂಂ, ಎಡಕ್ಕೇ," ಎಂದು ಅವನು ಬಲಕ್ಕೆ ತಿರುಗಿಸಿದ.

ಹಿಂದಿನಿಂದ ಹಾರ್ನ್ ಬಡಿದುಕೊಳ್ಳತೊಡಗಿತು. ಮಗಳ ಫೋನು ಹೊಡೆದುಕೊಂಡಿತು.

"ಮಾವ ಮಾಡ್ತಿದಾರೆ."

"ಎತ್ತು. ದಾರಿ ತಪ್ಪಿಲ್ಲ ಅಂತ ಹೇಳು."

"ಮಾವ, ದಾರಿ ತಪ್ಪಿಲ್ಲವಂತೆ," ಎಂದಳು ಅವಳು. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ನನಗೂ ಗೊತ್ತಿಲ್ಲ ಮಾವ... ನಿಲ್ಲಿಸೋಕೆ ಬ್ರೇಕು ನನ್ನ ಕಾಲಡಿ ಇಲ್ಲ." ಫೋನು ಇಟ್ಟು ಅಪ್ಪನ ಮುಖ ನೋಡಿದಳು. "ಹಳೇ ಮಾರ್ಕೆಟ್ಟಿಗಾ?"

ಅವನು ತಲೆ ಆಡಿಸಿದ.

"ಅಮ್ಮ ಹೇಳಿದ್ಲಾ ಹೀಗೆ ಮಾಡಿ ಅಂತ?"

"ಇಲ್ಲ. ಕೇಳ್ಲೇ ಇಲ್ಲ ಅವಳು."

ಕೇಳಿದ್ದರೆ ಬಹುಶಃ ಮಾಡುತ್ತಿರಲಿಲ್ಲ. ಆಯ್ತು ಎಂದು ಅವಳ ಕೈಹಿಡಿದು ಸಮಾಧಾನ ಮಾಡಿ, ಆಮೇಲೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ಕಡೆಯ ವಾರಗಳಲ್ಲಿ ಅವಳು ನೀರು ಕೇಳಿದಳು, ಕಿಟಕಿ ತೆಗೆಯಲು ಹೇಳಿದಳು, ಮಗಳ ಕೂದಲು ಬಾಚಬೇಕು ಎಂದಳು, ಇದೊಂದನ್ನು ಕೇಳಲಿಲ್ಲ. ನನ್ನ ಗಂಡನಿಂದ ಆಗದ ಕೆಲಸ ಎಂದು ಬಿಟ್ಟುಬಿಟ್ಟಿದ್ದಳು. ಅದಕ್ಕೇ ಅವನು ಬಲಕ್ಕೆ ತಿರುಗಿಸಿದ್ದ.

* * *

ಆಟದ ರೈಲಿನ ಹಳಿಯಲ್ಲಿ ವಿದ್ಯುತ್ತಿನ ಜೊತೆಗೆ ಆಜ್ಞೆಯೂ ಹರಿಯುತ್ತದೆ. ಹೋಗು, ನಿಲ್ಲು, ದೀಪ ಹಚ್ಚು ಎಂದು ಒಂದು ಡಬ್ಬಿ ಹೇಳುತ್ತದೆ. ಎಂಜಿನ್ನಿನೊಳಗಿನ ಬೆರಳುಗುರಿನಷ್ಟು ಚಿಪ್ ಅದನ್ನು ಕೇಳಿ ನಡೆಯುತ್ತದೆ. ಸಂಘದಲ್ಲಿ ಮೊದಲಿನಿಂದ ಇದ್ದದ್ದು ಗುಂಡಿ ತಿರುಗಿಸುವ ಹಳೇ ಡಬ್ಬಿ. ಆಮೇಲೆ ಕನ್ನಡಕದಂಗಡಿಯವನು ಫೋನಿನಿಂದಲೇ ರೈಲು ನಡೆಸುವ ಹೊಸ ಯಂತ್ರ ತಂದ. ಎರಡರ ಭಾಷೆ ಬೇರೆ. ಒಂದೇ ಹಳಿಯ ಮೇಲೆ ಎರಡೂ ಮಾತಾಡಿದರೆ ಒಂದಲ್ಲ ಒಂದು ಸುಡುತ್ತದೆ.

ಯಂತ್ರಗಳಿಗಿಂತ ಮೊದಲು ಮನುಷ್ಯರೇ ಸುಟ್ಟುಕೊಂಡರು. ಹಳೇ ಡಬ್ಬಿ ಗುಜರಿಗೆ ಹಾಕಿ ಎಂದು ಇವನು, ಬೆರಳಲ್ಲಿ ಗಾಜು ಸವರೋದು ರೈಲು ನಡೆಸೋದಲ್ಲ ಎಂದು ಅವರು. ಮಾತಿಗೆ ಮಾತು ಬೆಳೆದು ಒಂದು ಭಾನುವಾರ ಗರಗಸ ಬಂತು. ಮೇಜನ್ನು ನಡುವೆ ಕೊಯ್ದು, ಒಂದು ಮಾರಿನಷ್ಟು ದೂರ ಸರಿಸಿದರು. ಕಿಟಕಿಯ ಕಡೆಯದು ಡಬ್ಬಿಯವರದ್ದು, ಬಾಗಿಲ ಕಡೆಯದು ಫೋನಿನವರದ್ದು. ಕೋಣೆ ಸುತ್ತಿ ಬರುತ್ತಿದ್ದ ರೈಲು ಈಗ ಮೇಜಿನ ಅಂಚಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

"ನೀವು ಯಾರ ಕಡೆ?" ಎಂದು ಎರಡೂ ಕಡೆಯವರು ಅವಳನ್ನು ಕೇಳಿದರು.

"ರೈಲಿನ ಕಡೆ," ಎಂದಳು.

ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಎರಡು ಮೇಜಿನ ನಡುವೆ ಹಲಗೆ ಹಾಸಿ, ಹಳಿ ಕೂರಿಸಿ, ಕುಳ್ಳಿಯನ್ನು ಬಿಟ್ಟಳು. ಹಳಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದಳು, ಆದರೆ ಬೋಗಿಯ ಕಬ್ಬಿಣದ ಗಾಲಿ ಆ ಸಂದಿನ ಮೇಲೆ ಕೂತು ಎರಡು ಕಡೆಯನ್ನೂ ಕೂಡಿಸಿಬಿಟ್ಟಿತು. ಹಳೇ ಡಬ್ಬಿಯಿಂದ ಹೊಗೆ ಎದ್ದಿತು.

ತಪ್ಪು ನನ್ನದೇ ಎಂದಳು. ಇನ್ನೊಂದು ಅವಕಾಶ ಕೊಡಿ, ಎಲ್ಲಿ ತಪ್ಪಿತು ಅಂತ ಈಗ ಗೊತ್ತಾಗಿದೆ ಎಂದಳು. ಡಬ್ಬಿ ಸುಟ್ಟಳೆಂದು ಮಾಸ್ತರ ಕಡೆಯವರು ಅವಳನ್ನು ಸಂಘದಿಂದ ತೆಗೆದರು. ಕೇಳದೆ ತಮ್ಮ ಹಳಿ ಮುಟ್ಟಿದಳೆಂದು ಫೋನಿನ ಕಡೆಯವರೂ ತೆಗೆದರು. ಸಂಘ ಒಡೆದ ಮೇಲೆ ಎರಡು ಕಡೆಯವರೂ ಒಪ್ಪಿಕೊಂಡ ಸಂಗತಿ ಅದೊಂದೇ.

* * *

ಪೀಠೋಪಕರಣದಂಗಡಿಯ ಮುಂದೆ ಬೇಕರಿಯವನು ವ್ಯಾನು ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಹಿಂದಿನ ಕಾರುಗಳು ಅಡ್ಡಾದಿಡ್ಡಿ ನಿಂತವು. ಬೀದಿಯ ಅಂಗಡಿಗಳಿಂದ ಜನ ಹೊರಗೆ ಬಂದರು.

"ಇಲ್ಲ್ಯಾಕೆ ನಿಲ್ಲಿಸಿದ್ರಿ?" ಎಂದರು ಮಾಸ್ತರು ಏದುಸಿರು ಬಿಡುತ್ತ.

"ಬಾಗಿಲು ತೆಗೀರಿ ಮಾಸ್ತರೇ."

"ಇವತ್ತು ಸಂಘಕ್ಕೆ ರಜಾ. ಅವರ ಗೌರವಾರ್ಥ."

"ಹೆಣ ಬೀದೀಲಿದೆ. ಅವಳು ಕಾಯೋ ಪೈಕಿ ಅಲ್ಲ, ನಿಮಗೇ ಗೊತ್ತಲ್ಲ."

ಕನ್ನಡಕದಂಗಡಿಯವನು ದನಿ ತಗ್ಗಿಸಿ ಹತ್ತಿರ ಬಂದ. "ಸಾರ್, ನಿಮ್ಮ ದುಃಖ ಅರ್ಥ ಆಗುತ್ತೆ. ಆದರೆ ಆ ಹಲಗೆ ವಿಷಯದಲ್ಲಿ ಕಮಿಟಿ ತೀರ್ಮಾನ ಇದೆ."

"ಯಾವ ಕಮಿಟಿ? ನಿಮ್ಮದಾ, ಅವರದಾ?"

"ಎರಡೂ ಕಮಿಟಿದು."

"ಹಾಗಾದ್ರೆ ನೀವಿಬ್ಬರೂ ಒಂದಾಗೋದು ಉಂಟು," ಎಂದ ಬೇಕರಿಯವನು. "ಅವಳನ್ನ ಹೊರಗೆ ಹಾಕೋಕೆ ಒಂದಾದ್ರಿ. ಒಳಗೆ ಬಿಡೋಕೂ ಒಂದಾಗಿ."

ಭಾವ ಅವನ ತೋಳು ಹಿಡಿದು ಜಗ್ಗಿದರು. "ಮಾನ ಮರ್ಯಾದೆ ಇದೆಯೇನಯ್ಯಾ ನಿನಗೆ? ಜನ ನೋಡ್ತಿದಾರೆ!"

"ನೋಡ್ಲಿ ಅಂತಲೇ ನಿಲ್ಲಿಸಿದ್ದು ಭಾವ."

ಮಗಳು ಆಗಲೇ ಹಿಂಬಾಗಿಲು ತೆರೆದು ಹಲಗೆಯ ಒಂದು ತುದಿ ಹಿಡಿದಿದ್ದಳು. "ಅಪ್ಪಾ, ಆ ಕಡೆ ಎತ್ತು," ಎಂದಳು. ಮಾಸ್ತರು ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಬೀದಿಯಲ್ಲಿ ಸೇರಿದ ಜನರನ್ನು ನೋಡಿದರು. ಗೊಂಚಲಿನಲ್ಲಿ ಸರಿಯಾದ ಬೀಗದಕೈ ಹುಡುಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆದರೆ ಹುಡುಕಿದರು.

* * *

ಸಂಘದಿಂದ ತೆಗೆದ ಮೇಲೆ ಆ ಹೊಸ ಹಲಗೆಯನ್ನು ಅವಳು ಬೇಕರಿಯಲ್ಲಿ ಹಿಟ್ಟು ನಾದುವ ಮೇಜಿನ ತುದಿಯಲ್ಲೇ ಕಟ್ಟಿದ್ದು. ಗಂಡ ನಾದುತ್ತಿದ್ದರೆ ಅವಳು ಪಕ್ಕದಲ್ಲಿ ಬೆಸುಗೆ ಹಾಕುತ್ತಿದ್ದಳು.

"ಇದೇನು ದೊಡ್ಡ ವಿದ್ಯೆ ಅಲ್ಲ ಕಣ್ರೀ," ಎನ್ನುತ್ತಿದ್ದಳು. "ನಡುವಿನ ಹಲ್ಲು ಬಿದ್ದುಹೋಗಿದೆ. ಆ ಕಡೇದೂ ಗಟ್ಟಿ ಇದೆ, ಈ ಕಡೇದೂ ಗಟ್ಟಿ ಇದೆ. ಎರಡಕ್ಕೂ ನೋವಾಗದ ಹಾಗೆ ನಡುವೆ ಒಂದು ಕೂರಿಸಬೇಕು. ಜೀವಮಾನವೆಲ್ಲ ನಾನು ಮಾಡಿದ್ದು ಇದನ್ನೇ."

ನಡುವಿನ ಒಂದು ಮಾರು ಹಳಿ ಯಾರ ಕಡೆಗೂ ಸೇರಿದ್ದಲ್ಲ. ರೈಲು ಬರುವಾಗ ಅದು ಹಳೇ ಡಬ್ಬಿಯ ಮಾತು ಆಡುತ್ತದೆ. ರೈಲು ಪೂರ್ತಿ ಒಳಗೆ ಬಂದದ್ದೇ ಟಕ್ ಎಂದು ಮಗ್ಗುಲು ಬದಲಿಸಿ ಫೋನಿನ ಯಂತ್ರದ ಮಾತು ಆಡುತ್ತದೆ. ಎರಡೂ ಎಂದೂ ಒಟ್ಟಿಗೆ ಮುಟ್ಟುವುದಿಲ್ಲ. ಕುಳ್ಳಿಯೊಳಗೆ ಎರಡು ಭಾಷೆಯೂ ಬರುವ ಚಿಪ್ ಕೂರಿಸಿದಳು.

ಕೊಯ್ದ ಹಳಿಯ ತುದಿಗಳ ಅಳತೆ ಬೇಕಿತ್ತು, ಮಹಡಿಗೆ ಹೋಗುವಂತಿರಲಿಲ್ಲ. ವರ್ಷಕ್ಕೊಮ್ಮೆ ಸಂಘ ಊರಿನವರಿಗೆಲ್ಲ ಬಾಗಿಲು ತೆರೆಯುತ್ತದೆ. ಅಂದು ಅವಳು ಟಿಕೇಟು ತೆಗೆದುಕೊಂಡು ಸಾಲಿನಲ್ಲಿ ನಿಂತಳು. ಬಾಗಿಲಲ್ಲಿ ಮಾಸ್ತರು ತಡೆದರು.

"ನಿಮ್ಮನ್ನ ತೆಗೆದುಹಾಕಿದೀವಲ್ಲ!"

"ಸದಸ್ಯೆ ಅಂತ ತೆಗೆದಿದೀರಿ. ಪ್ರೇಕ್ಷಕಿ ಅಂತ ತೆಗೆದಿಲ್ಲವಲ್ಲ," ಎಂದು ಟಿಕೇಟು ತೋರಿಸಿ ಒಳಗೆ ಹೋದಳು. ಚೀಲದಲ್ಲಿ ಬಾಯಿಯ ಅಚ್ಚು ತೆಗೆಯುವ ಹಿಟ್ಟು ಇಟ್ಟುಕೊಂಡಿದ್ದಳು. ಮಕ್ಕಳ ಗುಂಪಿನ ನಡುವೆ ಬಗ್ಗಿ, ಅದನ್ನು ಅಂಗೈಯಲ್ಲೇ ನಾದಿ, ಈ ಮೇಜಿನ ಅಂಚಿಗೊಂದು ಮುದ್ದೆ, ಆ ಮೇಜಿನ ಅಂಚಿಗೊಂದು ಮುದ್ದೆ ಒತ್ತಿ, ಗಟ್ಟಿಯಾಗುವವರೆಗೆ ಸ್ಟೇಷನ್ನು ಎಷ್ಟು ಚೆನ್ನಾಗಿದೆ ಎಂದು ಹೊಗಳುತ್ತ ನಿಂತು, ಕಿತ್ತು ಚೀಲಕ್ಕೆ ಹಾಕಿಕೊಂಡು ಬಂದಳು. ಕೆಳಗೆ ವ್ಯಾನಿನಲ್ಲಿ ಗಂಡನಿಗೆ ಅದನ್ನು ತೋರಿಸುವಾಗ ನಗು ತಡೆಯಲಾರದೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಹಲಗೆ ಮುಗಿಯುವ ಹೊತ್ತಿಗೆ ಕಾಯಿಲೆ ಮೂಳೆಗೆ ಇಳಿದಿತ್ತು. ಆದರೂ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಬ್ಬರನ್ನೂ ಕೇಳಿದಳು. "ಹಳಬರು ಹೋದ ಮೇಲೆ ಎಲ್ಲ ತಾನಾಗೇ ಒಂದೇ ಯಂತ್ರ ಆಗುತ್ತೆ ಮೇಡಂ, ಯಾಕೆ ಕಷ್ಟಪಡ್ತೀರಿ?" ಎಂದ ಕನ್ನಡಕದಂಗಡಿಯವನು. "ನಾನೂ ಹಳಬಳೇ ಕಣಪ್ಪ," ಎಂದಳು. ಮಾಸ್ತರು ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು: "ನಾನು ಬದುಕಿರೋ ತನಕ ಆ ಹಲಗೆ ಇಲ್ಲಿ ಕೂರಲ್ಲ."

"ಸರಿ," ಎಂದಳು ಅವಳು. "ನಿಮ್ಮ ಆಯಸ್ಸಿಗೂ ನನ್ನ ಹಠಕ್ಕೂ ಪಂದ್ಯ."

ಅಂದು ಅವಳು ಮೆಟ್ಟಿಲಿಳಿದು ಬಂದಾಗಿನ ಮುಖವನ್ನೂ ಗಂಡ ನೋಡಿದ್ದ.

* * *

ಹಲಗೆ ಎರಡು ಮೇಜಿನ ನಡುವೆ ಸೆಟ್ಟು ಒಸಡಿಗೆ ಕೂತ ಹಾಗೆ ಕೂತಿತು. ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡು ತುದಿಯಲ್ಲೂ ತಂತಿ ಇಳಿಬಿದ್ದಿತ್ತು. ಒಂದರ ಮೇಲೆ ಅವಳು ಪುಟ್ಟ ಅಂಚೆಡಬ್ಬಿಯ ಚಿತ್ರ ಬರೆದಿದ್ದಳು, ಇನ್ನೊಂದರ ಮೇಲೆ ಕನ್ನಡಕ. ಮಗಳು ಎರಡನ್ನೂ ಅವರವರ ಯಂತ್ರಕ್ಕೆ ಸಿಕ್ಕಿಸಿದಳು. ಹಲಗೆಯ ಜೊತೆಗೇ ತಂದಿದ್ದ ಕುಳ್ಳಿಯನ್ನು ಕಿಟಕಿ ಕಡೆಯ ಹಳಿಯ ಮೇಲಿಟ್ಟು, ಹಿಂದೆ ಎರಡು ಬೋಗಿ ಜೋಡಿಸಿದಳು. ಸಣ್ಣವಳಿದ್ದಾಗ ಅಮ್ಮನ ಜೊತೆ ಬಂದು ಕೂತವಳು; ಡಬ್ಬಿಯಲ್ಲಿ ಕುಳ್ಳಿಯ ನಂಬರು ಒತ್ತುವುದು ಅವಳಿಗೆ ಮರೆತಿರಲಿಲ್ಲ. ಕನ್ನಡಕದಂಗಡಿಯವನು ಫೋನಿನಲ್ಲಿ ಅದೇ ನಂಬರು ಹಾಕಿಕೊಂಡ. ಇಷ್ಟು ದೂರ ಬಂದ ಮೇಲೆ ಆಗುವುದಿಲ್ಲ ಎನ್ನಲು ಅವನಿಗೆ ನಾಚಿಕೆಯಾಗಿತ್ತು.

ಮಾಸ್ತರು ಕೈಕಟ್ಟಿ ಗೋಡೆಗೆ ಒರಗಿದರು. "ಬಾಗಿಲು ತೆಗೆದಿದೀನಿ, ಅಷ್ಟೇ. ನಾನು ಕೈ ಹಾಕಲ್ಲ. ಒಂದು ಡಬ್ಬಿ ಸುಟ್ಟದ್ದು ಸಾಕು, ಇದು ಎರಡನೇದು."

"ಬೇಡ ಬಿಡಿ," ಎಂದು ಬೇಕರಿಯವನು ಗುಂಡಿಯ ಯಂತ್ರವನ್ನು ತಾನೇ ಎತ್ತಿಕೊಂಡು ಬಲವಾಗಿ ತಿರುಗಿಸಿದ. ಕುಳ್ಳಿ ಒದೆಸಿಕೊಂಡ ಹಾಗೆ ನೆಗೆಯಿತು. ತಿರುವಿನಲ್ಲಿ ಬೋಗಿಗಳು ವಾಲಿದವು.

"ಅಯ್ಯಯ್ಯೋ! ಹಿಟ್ಟು ನಾದೋದಲ್ರೀ ಅದು! ಕೊಡಿ ಇಲ್ಲಿ!" ಮಾಸ್ತರು ನೆಗೆದು ಬಂದು ಯಂತ್ರ ಕಿತ್ತುಕೊಂಡರು. ಅವರ ಹೆಬ್ಬೆರಳು ಗುಂಡಿಯ ಮೇಲೆ ಕೂತದ್ದೇ ರೈಲು ನೆಟ್ಟಗಾಗಿ, ಬೆಟ್ಟವನ್ನು ಬಳಸಿ, ಹಲಗೆಯ ಕಡೆ ನಿಧಾನವಾಗಿ ಬಂತು. ಮಾಸ್ತರ ಕಣ್ಣು ಡಬ್ಬಿಯ ಮೇಲೆ. ಹೊಗೆ ಬರಲಿಲ್ಲ. ಕುಳ್ಳಿ ಹಲಗೆಗೆ ಕಾಲಿಟ್ಟಿತು, ಬೋಗಿಗಳೂ ಬಂದವು, ಟಕ್ ಎಂದಿತು. ರೈಲು ನಿಂತುಬಿಟ್ಟಿತು.

ಕೆಳಗಿನ ಬೀದಿಯಿಂದ ಹಾರ್ನ್ ಕೇಳಿಸಿತು.

"ಆಯ್ತಲ್ಲ?" ಎಂದರು ಭಾವ. "ಇನ್ನಾದ್ರೂ ನಡಿ."

"ಇಲ್ಲ," ಎಂದ ಬೇಕರಿಯವನು. "ಅವಳು ತಪ್ಪು ಮಾಡಿಲ್ಲ. ನೀವೇ ಏನೋ ತಪ್ಪಿದೀರಿ."

"ನಾನು ಸರಿಯಾಗೇ ಇದ್ದೆ," ಎಂದ ಕನ್ನಡಕದಂಗಡಿಯವನು. "ಅದು ಬಂದ ಮೇಲೆ ಹೊರಡ್ಸೋಣ ಅಂತ ಕಾಯ್ತಿದ್ದೆ."

"ಬಂದ ಮೇಲಾ?" ಭಾವನಿಗೆ ರೇಗಿಹೋಯಿತು. ಸ್ಮಶಾನಕ್ಕೆ ಹೋಗುವ ಆತುರ, ಬಿಸಿಲು, ಬೀದಿಯ ಜನ, ಎಲ್ಲ ಸೇರಿ ಕಚೇರಿಯ ದನಿ ಹೊರಬಂತು. "ಒಂದು ಕಚೇರಿಯಿಂದ ಇನ್ನೊಂದಕ್ಕೆ ಫೈಲು ಹೋಗ್ಬೇಕಾದ್ರೆ, ಬರೋದಕ್ಕೆ ಮುಂಚೆನೇ ಆ ಕಡೆಯವನು ಬರ್ಲಿ ಅಂತ ಸಹಿ ಹಾಕಿರ್ಬೇಕು ಕಣಯ್ಯಾ. ಇಲ್ದಿದ್ರೆ ಅದು ನಡುವೆನೇ ಬಿದ್ದು ಕೊಳೆಯುತ್ತೆ. ನೀನು ನಿಲ್ಲು ಅಂತ ಹಿಡ್ಕೊಂಡಿದ್ರೆ ಅದು ನಿಲ್ಲದೆ ಇನ್ನೇನು ಮಾಡುತ್ತೆ?"

ಕನ್ನಡಕದಂಗಡಿಯವನು ಫೋನು ನೋಡಿದ. ವೇಗ ಸೊನ್ನೆಯಲ್ಲಿತ್ತು. "ಹೌದು," ಎಂದು ಗೆರೆಯ ಮೇಲೆ ಬೆರಳು ಸವರಲು ಹೋದ.

"ಬೇಡ!" ಎಂದರು ಮಾಸ್ತರು. "ನಿಂತು ಆಮೇಲೆ ಹೋದ್ರೆ ದಾಟಿದ ಹಾಗಲ್ಲ. ಹಿಂದಕ್ಕೆ ತನ್ನಿ. ಮೊದಲಿಂದ."

ಬೇಕರಿಯವನು ಅವರ ಮುಖ ನೋಡಿದ. ಮಾಸ್ತರು ನೋಡಲಿಲ್ಲ, ತಾವೇ ಕುಳ್ಳಿಯನ್ನು ಎತ್ತಿ ಹಿಂದೆ ತಂದು, ಗಾಲಿಗಳನ್ನು ಹಳಿಗೆ ಕೂರಿಸುತ್ತಿದ್ದರು. ಕೂರಿಸಿ, ಇಷ್ಟು ವರ್ಷಗಳ ಮೇಲೆ ಮೊದಲ ಬಾರಿ ಎದುರಿನವನ ಕಡೆ ತಿರುಗಿದರು.

"ಮೂವತ್ತರಲ್ಲಿ ಬಿಡ್ತೀನಿ."

"ಮೂವತ್ತಕ್ಕೆ ಇಟ್ಟಿದೀನಿ ಸಾರ್."

"ನಿನ್ನ ಮೂವತ್ತು ಬೇರೆ, ನನ್ನ ಮೂವತ್ತು ಬೇರೆ. ಅಂಕಿ ನೋಡ್ಬೇಡ, ರೈಲು ನೋಡು."

ಕುಳ್ಳಿ ಹೊರಟಿತು. ಬೆಟ್ಟ ಬಳಸಿತು. ಹಲಗೆಗೆ ಬಂತು. ಟಕ್. ಎಂಜಿನ್ನು ಒಂದು ಸಲ ತೂಕಡಿಸಿ ಎಚ್ಚೆತ್ತವರ ಹಾಗೆ ಅಲುಗಿತು; ನಿಲ್ಲಲಿಲ್ಲ. ಬಾಗಿಲ ಕಡೆಯ ಮೇಜಿನ ಮೇಲೆ ಹೋಗಿ, ತಾನು ಎಂದೋ ಬಿಟ್ಟು ಬಂದಿದ್ದ ಸ್ಟೇಷನ್ನನ್ನು ಹಾದು, ಸುರಂಗದೊಳಗೆ ಹೊಕ್ಕು, ಈಚೆ ಬಂತು. ಮಗಳು ಬಾಯಿಗೆ ಅಂಗೈ ಒತ್ತಿಕೊಂಡಳು.

"ಸುಟ್ಟಿತಾ?" ಎಂದ ಬೇಕರಿಯವನು.

ಮಾಸ್ತರು ಡಬ್ಬಿಯನ್ನು ಮುಟ್ಟಿ ನೋಡಿದರು. "ಇಲ್ಲ. ಬೆಚ್ಚಗೂ ಆಗಿಲ್ಲ."

"ಹಾಗಾದ್ರೆ ಹೇಳಿ."

"ಏನು ಹೇಳ್ಲಿ?"

"ಅವಳು ಮಾಡಿದ್ದು ಸರಿ ಅಂತ."

ಮಾಸ್ತರು ಡಬ್ಬಿಯ ಮೇಲಿಂದ ಕೈ ತೆಗೆದರು. "ಸರಿ ಇದೆ," ಎಂದರು ಮೆಲ್ಲಗೆ.

"ನನಗಲ್ಲ. ಅವಳು ಕೆಳಗಿದಾಳೆ."

ಇದು ಅತಿಯಾಯಿತು ಎಂದು ಭಾವನಿಗೆ ಅನಿಸಿತು. ಬೇಕರಿಯವನು ಬಾಗಿಲಿಗೆ ಅಡ್ಡವಾಗಿ ನಿಂತ. ಕೊನೆಗೆ ಮಾಸ್ತರು ಕಿಟಕಿಯ ಹತ್ತಿರ ಹೋಗಿ, ಧೂಳು ಹಿಡಿದ ಅಗುಳಿಯನ್ನು ಗುದ್ದಿ ತೆಗೆದು, ತಲೆ ಹೊರಗೆ ಹಾಕಿದರು. ಬೀದಿಯ ಜನ ಮೇಲೆ ನೋಡಿದರು. ವ್ಯಾನಿನ ಹಿಂಬಾಗಿಲು ಇನ್ನೂ ತೆರೆದೇ ಇತ್ತು.

"ಸರಿ ಇದೆ ಕಣಮ್ಮಾ!" ಎಂದು ಅವರು ಕೂಗಿದರು. ಮುದಿ ದನಿ ನಡುವೆ ಒಡೆಯಿತು. ಮತ್ತೆ ಉಸಿರು ತೆಗೆದುಕೊಂಡು ಇನ್ನೂ ಜೋರಾಗಿ ಕೂಗಿದರು. "ದಾಟ್ತು!"

ಪಕ್ಕದಲ್ಲಿ ಕನ್ನಡಕದಂಗಡಿಯವನು ಬಗ್ಗಿ, ತನ್ನ ಉದ್ದನೆಯ ಕುತ್ತಿಗೆಯನ್ನೂ ಹೊರಗೆ ಹಾಕಿದ. ಏನು ಹೇಳಬೇಕೆಂದು ತೋಚದೆ, "ನಾನೂ ನೋಡಿದೆ ಮೇಡಂ!" ಎಂದು ಕೂಗಿದ.

ಮೆಟ್ಟಿಲಿಳಿಯುವಾಗ ಬೇಕರಿಯವನು ಕಂಬಿ ಹಿಡಿದುಕೊಂಡ. ಜೀವಮಾನದಲ್ಲಿ ಯಾರೊಂದಿಗೂ ಜಗಳ ಕಾದು ಗೊತ್ತಿರಲಿಲ್ಲ ಅವನಿಗೆ.

* * *

ಸ್ಮಶಾನದ ಗೇಟು ಕಿರಿದು, ಒಳಗೆ ಏರುದಾರಿ. ಅಲ್ಲಿಂದ ಹೆಗಲ ಮೇಲೆಯೇ ಹೊರಬೇಕು. ಗುಂಡಿ ತೋಡಿದವರು ಕಾದು ಕಾದು ಬೇಸತ್ತು ಹಾರೆ ಊರಿಕೊಂಡು ನಿಂತಿದ್ದರು. ಹಿಂದಿನ ಎರಡು ಮೂಲೆಗೆ ಬೇಕರಿಯವನು ಮತ್ತು ಭಾವ ನಿಂತರು, ನಡುವೆ ಮಗಳು ಮತ್ತು ಬೇಕರಿಯ ಕೆಲಸದವನು. ಮುಂದಿನ ಎರಡು ಮೂಲೆಗೆ ಯಾರೂ ಕರೆಯದೆ ಮಾಸ್ತರು ಮತ್ತು ಕನ್ನಡಕದಂಗಡಿಯವನು ಬಂದು ನಿಂತರು.

ಎತ್ತಿದ ಕೂಡಲೇ ಪೆಟ್ಟಿಗೆ ವಾಲಿತು. ಒಂದು ಹೆಗಲು ತೀರ ಮೇಲೆ, ಒಂದು ತೀರ ಕೆಳಗೆ.

"ಎಡಗಾಲು ಮೊದಲು," ಎಂದರು ಮಾಸ್ತರು.

"ಬಲಗಾಲಲ್ವಾ ಸಾರ್?"

"ಎಡಗಾಲೇ. ಮೊಣಕಾಲು ಸ್ವಲ್ಪ ಬಗ್ಗಿಸು, ಆಕಾಶ ಮುಟ್ಟೋ ಹಾಗೆ ನಡೀಬೇಡ."

"ನೀವು ಅಲ್ಲಿ ರೈಲನ್ನ ಸ್ವಲ್ಪ ಜೋರಾಗಿ ಬಿಟ್ರಿ."

"ನೀನು ಹಿಡಿದಿದ್ದು ನಿಧಾನ."

"ಮೆತ್ತಗೆ ಮಾತಾಡ್ರಪ್ಪಾ," ಎಂದರು ಭಾವ ಹಿಂದಿನಿಂದ, ಏದುಸಿರಿನಲ್ಲಿ.

ಬೇಕರಿಯವನಿಗೆ ಪೆಟ್ಟಿಗೆಯ ಅಡಿಯಿಂದ ಕಾಣುತ್ತಿದ್ದದ್ದು ಅವರಿಬ್ಬರ ಹಿಮ್ಮಡಿಗಳು ಮಾತ್ರ: ಮಾಸ್ತರ ಮಿರುಗುವ ಕರಿ ಬೂಟು, ಕನ್ನಡಕದಂಗಡಿಯವನ ಸವೆದ ಚಪ್ಪಲಿ. ನಾಲ್ಕು ಹೆಜ್ಜೆ ತಪ್ಪಿದವು, ಎರಡು ಕೂಡಿದವು, ಮತ್ತೆ ತಪ್ಪಿದವು. ಏರು ಕಡಿದಾದಂತೆ ಚಪ್ಪಲಿ ಚಿಕ್ಕ ಹೆಜ್ಜೆಯಿಟ್ಟಿತು, ಬೂಟು ಒಂದು ಕ್ಷಣ ಕಾದಿತು. ವಾಲಿಕೊಂಡೇ, ಕುಲುಕಿಕೊಂಡೇ, ಪೆಟ್ಟಿಗೆ ಮೇಲಕ್ಕೆ ಹೋಗುತ್ತಿತ್ತು.